ಆ ಬೆಳಿಗ್ಗೆ ವ್ಯಾನು ಓಡಿಸಿದವರು ಯಾರು

ಆ ಗಾಜಿನ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಗಾಜು ಯಾರ ಕೈಯಲ್ಲೇ ಒಡೆಯಲಿ, ಗಿರಾಕಿಯ ಮುಂದೆ ಯಜಮಾನರು "ನನ್ನ ಕೈ ಜಾರಿತು" ಅನ್ನುತ್ತಿದ್ದರು. ಕತ್ತರಿಸುವವನು ಒಡೆದರೂ ಅದೇ ಮಾತು, ಹೊತ್ತು ಸಾಗಿಸುವವನು ಒಡೆದರೂ ಅದೇ ಮಾತು. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ಗಿರಾಕಿ ಹೋದ ಮೇಲೆ ಒಡೆದವನ ಗ್ರಹಚಾರ ಬಿಡಿಸುತ್ತಿದ್ದರು, ಅದು ಬೇರೆ ವಿಷಯ. ಹೊರಗಿನವರ ಎದುರು ಮಾತ್ರ ತಪ್ಪೆಲ್ಲ ಯಜಮಾನರದೇ.

ಬೀದಿಯವರು ಅವರನ್ನು ಮಿಲಿಮೀಟರ್ ಮಾವ ಎಂದು ಕರೆಯುತ್ತಿದ್ದರು. ಒಂದು ಕಿಟಕಿಯನ್ನು ಮೂರು ಸಲ ಅಳೆಯುವ ಮನುಷ್ಯ. ಊಟಕ್ಕೆ ಕೂತರೂ ತಟ್ಟೆ ಮೇಜಿನ ಅಂಚಿಗೆ ಎಷ್ಟು ದೂರ ಇದೆ ಅಂತ ಕಣ್ಣಲ್ಲೇ ಅಳೆಯುತ್ತಾರೆ ಎಂದು ಹೆಂಡತಿ ನಗುತ್ತಿದ್ದಳು. ಆಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಿಗಳಿಗೆ ಚೌಕಟ್ಟು ಕೂರಿಸುತ್ತಿದ್ದಳು. ಒಬ್ಬನೇ ಮಗ ವ್ಯಾನಿನಲ್ಲಿ ಮಾಲು ತಲುಪಿಸುತ್ತಿದ್ದ. ಅಪ್ಪ ಗಿಡ್ಡ, ಮಗ ಆರಡಿ ಎತ್ತರ. ಇಬ್ಬರೂ ಜೊತೆಗೆ ನಡೆದರೆ ಬೀದಿಯವರಿಗೆ ಒಂದು ತಮಾಷೆ ಸಿಕ್ಕಿದ ಹಾಗೆ.

ಮಗ ಕುಡುಕನಲ್ಲ. ಈ ಮಾತನ್ನು ತಾಯಿ ಆಮೇಲೆ ಎಷ್ಟೋ ಜನರ ಮುಂದೆ ಹೇಳಿದಳು, ಅದು ನಿಜವೂ ಆಗಿತ್ತು. ಆ ದಿನದ ಹಿಂದಿನ ಸಂಜೆ ಗೆಳೆಯನ ಹೊಸ ಅಂಗಡಿ ಶುರುವಾದ ಖುಷಿಗೆ ಎಲ್ಲರೂ ಕೂತು ಕುಡಿದಿದ್ದರು. ಅವನು ವ್ಯಾನನ್ನು ಮನೆಯ ಮುಂದೆಯೇ ಬಿಟ್ಟು ಹೋಗಿದ್ದ, ನಡೆದುಕೊಂಡೇ ವಾಪಸು ಬಂದಿದ್ದ. ಕುಡಿದು ಓಡಿಸಬಾರದು ಎಂಬ ಬುದ್ಧಿ ಅವನಿಗಿತ್ತು. ಬೆಳಿಗ್ಗೆ ಎದ್ದ ಮೇಲೂ ಕುಡಿದದ್ದು ಮೈಯಲ್ಲಿ ಉಳಿದಿರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನಾಲ್ಕು ಗಂಟೆ ನಿದ್ದೆ ಮಾಡಿ, ತಣ್ಣೀರು ಸುರಿದುಕೊಂಡು, ಎರಡು ಲೋಟ ಕಾಫಿ ಕುಡಿದು, ಈಗ ಸರಿಹೋದೆ ಎಂದುಕೊಂಡ. ತಾಯಿಯೂ ಹಾಗೇ ಅಂದುಕೊಂಡಳು. ಕ್ಷೌರದಂಗಡಿಯೊಂದಕ್ಕೆ ಆರು ಕನ್ನಡಿ ತಲುಪಿಸಬೇಕಿತ್ತು, ಅಂಗಡಿ ತೆರೆಯುವ ಮೊದಲೇ. ಆರು ನಲವತ್ತಕ್ಕೆ ಹೊರಟ.

ಎರಡು ಬೀದಿ ದಾಟಿದರೆ ಮೂಲೆಯಲ್ಲಿ ಕೊಡೆ ರಿಪೇರಿ ಮಾಡುವವನ ಜಾಗ. ಒಂದು ತಗಡಿನ ಪೆಟ್ಟಿಗೆ, ಒಂದು ಮೋಟು ಸ್ಟೂಲು. ಎಲ್ಲರಿಗೂ ಅವನು ಕೊಡೆಯಣ್ಣ. ಬೀದಿಗೆ ಬೆನ್ನು ಮಾಡಿ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದ. ವ್ಯಾನು ವೇಗವಾಗೇನೂ ಬರಲಿಲ್ಲ. ಹಿಂದೆ ಗಾಜು ಇದ್ದರೆ ಆ ಮನೆಯವರು ಯಾರೂ ಜೋರಾಗಿ ಓಡಿಸುವುದಿಲ್ಲ. ತಿರುವಿನಲ್ಲಿ ತಿರುಗಬೇಕಾದ ವ್ಯಾನು ತಿರುಗಲಿಲ್ಲ, ಅಷ್ಟೇ. ಸೀದಾ ಪಾದಚಾರಿ ಕಟ್ಟೆ ಹತ್ತಿತು.

ಮಗನ ಫೋನು ಬಂದದ್ದು ತಾಯಿಗೆ.

"ಅಮ್ಮಾ, ಕೊಡೆಯಣ್ಣಂಗೆ ಗುದ್ದಿಬಿಟ್ಟೆ. ಏಳ್ತಾ ಇಲ್ಲ. ನಂಗೂ ತಲೆ ಇನ್ನೂ ಮಂಪರು ಮಂಪರಾಗಿದೆ ಕಣಮ್ಮ."

ಉಸಿರಾಡುತ್ತಿದ್ದಾನಾ ಎಂದು ಅವಳು ಕೇಳಲಿಲ್ಲ. ಯಾರಾದರೂ ನೋಡಿದರಾ ಎಂದು ಕೇಳಿದಳು. ಪೇಪರ್ ಮಾರುವವನೊಬ್ಬ ಈಗ ತಾನೇ ಸೈಕಲ್ ತಳ್ಳಿಕೊಂಡು ಬಂದ, ಅವನು ಬರುವಾಗ ನಾನು ಕೆಳಗಿಳಿದು ನಿಂತಿದ್ದೆ ಎಂದ. ನೀನೇನೂ ಮಾಡಬೇಡ, ಯಾರಿಗೂ ಏನೂ ಹೇಳಬೇಡ, ಅಪ್ಪ ಬರ್ತಾರೆ, ಅವರೇ ಎಲ್ಲ ನೋಡ್ಕೋತಾರೆ ಎಂದು ಅವಳು ಹೇಳಿ ಗಂಡನತ್ತ ತಿರುಗಿದಳು.

"ರೀ, ನೀವು ಹೋಗಿ. ಅಂಗಡೀಲಿ ಹೇಳೋ ಹಾಗೆ ಹೇಳಿಬಿಡಿ."

ಮಿಲಿಮೀಟರ್ ಮಾವ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಓಡಿದರು. ಮಗನನ್ನು ಹಿಂದಿನ ಓಣಿಯಿಂದ ಮನೆಗೆ ಕಳಿಸಿದರು. ಇವರು ಆಗಲೇ ಹೇಳಿರುತ್ತಾರೆ ಎಂದುಕೊಂಡಿದ್ದ ಪೇಪರಿನವನು ಆಂಬುಲೆನ್ಸಿಗೆ ಹೇಳಿದಿರಾ ಎಂದು ಕೇಳಿದಾಗ, ಅಪ್ಪ ಮಗ ಇಬ್ಬರೂ ಹೇಳಿಲ್ಲ ಎಂಬುದು ಅವರಿಗೆ ಹೊಳೆಯಿತು. ಕೊನೆಗೆ ಫೋನು ಮಾಡಿದ್ದು ಪೇಪರಿನವನೇ.

ಪೊಲೀಸರು ಬಂದರು. ವ್ಯಾನು ಓಡಿಸಿದ್ದು ಯಾರೆಂದು ಪೇಪರಿನವನು ಕಂಡಿರಲಿಲ್ಲ. ಯಜಮಾನರ ಬಾಯಿಗೆ ಯಂತ್ರ ಹಿಡಿದು ಊದಿಸಿದರು. ಹುಟ್ಟಿದಾಗಿನಿಂದ ಹೆಂಡ ತಾಗದ ಬಾಯಿ, ಯಂತ್ರ ಸೊನ್ನೆ ತೋರಿಸಿತು. ನನ್ನ ಕೈ ಜಾರಿತು ಎಂದು ಇವರು ಹೇಳಿದರು. ಠಾಣೆಯಲ್ಲಿ ನಾಲ್ಕು ಪುಟ ಬರೆದು ಮುಂದಿಟ್ಟರು. ಒಂದು ಮಿಲಿಮೀಟರ್ ಬಿಡದ ಮನುಷ್ಯ ನಾಲ್ಕು ಪುಟ ಓದದೆ ಸಹಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಜಾಮೀನಿನ ಮೇಲೆ ಮನೆಗೆ ಬಂದರು.

ಅಜಾಗರೂಕತೆಯಿಂದ ಗಾಯ ಮಾಡಿದ ಕೇಸು, ಅಷ್ಟೇ. ಕುಡಿದು ಓಡಿಸಿದ ಮಾತೇ ಇಲ್ಲ. ಗಂಡಾಂತರ ತಪ್ಪಿತು ಎಂದು ತಾಯಿ ಮಗನಿಗೆ ಅನ್ನ ಬಡಿಸಿದಳು. ಅವನು ಉಣ್ಣಲಿಲ್ಲ.

ನಾಲ್ಕನೆಯ ದಿನ ಮೇಲಿನ ಮನೆಯ ಟೈಪಿಸ್ಟ್ ಅಕ್ಕ ಇಳಿದು ಬಂದಳು. ಕೋರ್ಟಿನ ಗೇಟಿನ ಪಕ್ಕ ಮೇಜು ಹಾಕಿಕೊಂಡು ಮೂವತ್ತು ವರ್ಷ ಜನರ ಅರ್ಜಿ ಟೈಪ್ ಮಾಡಿದವಳು. ಈಗ ಬೆರಳು ಸೆಟೆದುಕೊಳ್ಳುತ್ತವೆ ಎಂದು ಅದನ್ನು ಬಿಟ್ಟು, ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಬಂದವರಿಗೆ ದಾರಿ ತೋರಿಸುವ ಕೆಲಸ ಮಾಡುತ್ತಿದ್ದಳು. ಕೂತುಕೊಳ್ಳದೆ ನೇರವಾಗಿ ಮಾತಿಗೆ ಬಂದಳು.

"ಅವತ್ತು ಬೆಳಿಗ್ಗೆ ಮಹಡಿ ಮೇಲೆ ಬಟ್ಟೆ ಹರವ್ತಾ ಇದ್ದೆ. ವ್ಯಾನು ಹೊರಟಿದ್ದು ನೋಡಿದೀನಿ. ಯಾರು ಓಡಿಸ್ತಿದ್ರು ಅಂತ ನನ್ನನ್ನ ಇನ್ನೂ ಯಾರೂ ಕೇಳಿಲ್ಲ. ಕೇಳಿದ ದಿನ ನಾನು ಸುಳ್ಳು ಹೇಳಲ್ಲ. ಅದಕ್ಕೆ ಮುಂಚೆ ನಿನ್ನ ಕಿವಿಗೆ ಹಾಕೋಣ ಅಂತ ಬಂದೆ."

ತಾಯಿ ಕೈಯಲ್ಲಿದ್ದ ಚೌಕಟ್ಟು ಕೆಳಗಿಟ್ಟಳು. ಇಷ್ಟು ವರ್ಷ ಒಂದೇ ನಲ್ಲಿ ನೀರು ಕುಡಿದವರು ಹೀಗೆ ಮಾಡುವುದಾ ಎಂದಳು. ಆಮೇಲೆ ಹೇಳಬಾರದ್ದನ್ನೂ ಹೇಳಿದಳು.

"ನಿಮಗೆ ಮಕ್ಕಳಿಲ್ಲವಲ್ಲ ಅಕ್ಕ. ಇದ್ದಿದ್ರೆ ಗೊತ್ತಾಗ್ತಿತ್ತು."

"ಇಲ್ಲ, ನಿಜ," ಎಂದಳು ಟೈಪಿಸ್ಟ್ ಅಕ್ಕ. "ಆದ್ರೆ ಕಂಡವರ ಮಕ್ಕಳ ಕಾಗದ ಮೂವತ್ತು ವರ್ಷ ಟೈಪ್ ಮಾಡಿದೀನಿ. ಅಪ್ಪ ತಪ್ಪು ಹೊತ್ಕೊಂಡು ಮಗ ಉಳಿದಿದ್ದು ಒಂದೂ ನೋಡಿಲ್ಲ. ಇಬ್ಬರೂ ಮುಳುಗಿದ್ದು ಬೇಕಾದಷ್ಟು ನೋಡಿದೀನಿ."

ಆಮೇಲೆ ಅವಳು ಸ್ಟೂಲೆಳೆದು ಕೂತು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಕುಡಿದು ಗಾಡಿ ಓಡಿಸುವುದೇ ಒಂದು ಅಪರಾಧ, ಯಾರಿಗೂ ಒಂದು ಗೀರು ತಗುಲದಿದ್ದರೂ ಅಪರಾಧ. ಎಚ್ಚರವಿಲ್ಲದೆ ಓಡಿಸಿ ಗಾಯ ಮಾಡಿದರೆ ಅದು ಇನ್ನೊಂದು. ಪೆಟ್ಟು ಬಿದ್ದವರನ್ನು ಬಿಟ್ಟು ಹೋದರೆ ಅದೂ ಬೇರೆ. ನಾನಲ್ಲದ್ದನ್ನು ನಾನೇ ಎಂದು ಪೊಲೀಸರಿಗೆ ಹೇಳುವುದು ಮತ್ತೂ ಒಂದು, ಅದು ಬೀಳುವುದು ಯಜಮಾನರ ತಲೆಯ ಮೇಲೆ. ಹೇಳು ಎಂದು ಕಳಿಸಿದವರನ್ನೂ ಕಾನೂನು ಸುಮ್ಮನೆ ಬಿಡುವುದಿಲ್ಲ.

"ಮನೆಯವರೆಲ್ಲ ಸೇರಿ ಒಂದು ತಪ್ಪನ್ನ ನಾಲ್ಕು ಮಾಡಿದೀರ," ಎಂದಳು.

ವಕೀಲರು ಇರುವುದೇ ಸುಳ್ಳನ್ನು ನಿಜ ಮಾಡುವುದಕ್ಕೆ ತಾನೇ, ಒಬ್ಬರನ್ನು ಹಿಡಿದರೆ ಎಲ್ಲ ಸರಿಮಾಡುತ್ತಾರೆ ಎಂದು ತಾಯಿ ವಾದಿಸಿದಳು. ಟೈಪಿಸ್ಟ್ ಅಕ್ಕನಿಗೆ ನಗು ಬಂತು, ಒಳ್ಳೆಯ ನಗುವಲ್ಲ. ನಿನ್ನ ಗಂಡನ ಹೇಳಿಕೆಯ ಪ್ರತಿ ತೆಗೆದುಕೊಂಡು ಬಾ, ಮೊದಲು ಅದರಲ್ಲಿ ಏನಿದೆ ಎಂದು ನೋಡೋಣ ಎಂದಳು. ತಾಯಿ ಬಾಗಿಲು ತೋರಿಸಿದಳು.

ಆರನೆಯ ದಿನ ಕೊಡೆಯಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡ.

ಅಂದೇ ಠಾಣೆಯಿಂದ ಯಜಮಾನರಿಗೆ ಕರೆ ಬಂತು. ಗಾಯದ ಕೇಸು ಈಗ ಸಾವಿನ ಕೇಸಾಗಿತ್ತು. ಠಾಣೆಯ ಹಿಂದಿನ ಬಯಲಿನಲ್ಲಿ ಮುರಿದ ಗಾಜಿನ ಸಮೇತ ವ್ಯಾನು ನಿಂತಿತ್ತು. ತನಿಖೆಯ ಅಧಿಕಾರಿ ಜೋರು ಮಾಡಲಿಲ್ಲ. ಕೂತು ತೋರಿಸಿ ಯಜಮಾನರೇ ಎಂದರು. ಇವರು ಹತ್ತಿ ಕೂತರು. ಮಗನ ಕಾಲಿನ ಅಳತೆಗೆ ಹಿಂದಕ್ಕೆ ತಳ್ಳಿದ್ದ ಸೀಟು ಹಾಗೇ ಇತ್ತು. ಬೆರಳು ಚಾಚಿದರೂ ಪಾದ ಬ್ರೇಕಿಗೆ ಮುಟ್ಟಲಿಲ್ಲ. ಅಧಿಕಾರಿ ಟೇಪು ಹಿಡಿದು ಅಳತೆ ತೆಗೆದು ಬರೆದುಕೊಂಡರು. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾ ನೋಡುವುದಿದೆ, ನಾಳೆ ವಕೀಲರ ಜೊತೆ ಬನ್ನಿ ಎಂದು ಕಳಿಸಿದರು.

ಜೀವಮಾನವೆಲ್ಲ ಅಳೆದ ಮನುಷ್ಯ ಮನೆಗೆ ಬಂದು ಅಳತೆಯಲ್ಲಿ ಸಿಕ್ಕಿಬಿದ್ದೆ ಎಂದು ಹೇಳಿ ಗೋಡೆಗೆ ಮುಖ ಮಾಡಿ ಮಲಗಿದರು. ನಾನೇ ಹೋಗಿ ಹೇಳುತ್ತೇನೆ ಎಂದು ಮಗ ಎದ್ದ. ತಾಯಿ ಬಾಗಿಲಿಗೆ ಅಡ್ಡ ನಿಂತಳು. ಅಪ್ಪನಿಗೆ ವಯಸ್ಸಾಯಿತು, ಜನ ಕನಿಕರ ಪಡುತ್ತಾರೆ, ನಿನಗೆ ಇಡೀ ಬಾಳು ಮುಂದಿದೆ ಎಂದಳು. ಗೋಡೆಗೆ ಮುಖ ಮಾಡಿದ್ದವರ ಬೆನ್ನು ಅಲುಗಲಿಲ್ಲ. ತಾನು ಏನು ಹೇಳಿದೆ ಎಂಬುದು ಅವಳಿಗೆ ತಿಳಿದದ್ದು ಆ ಬೆನ್ನನ್ನು ನೋಡಿದ ಮೇಲೆ. ಆದರೂ ಬಾಗಿಲು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಅವಳೊಬ್ಬಳೇ ಕೊಡೆಯಣ್ಣನ ಮನೆಗೆ ಹೋದಳು. ಒಂದೇ ಕೋಣೆ. ಮೂಲೆಯಲ್ಲಿ ರಿಪೇರಿಗೆ ಬಂದ ಕೊಡೆಗಳು ಹೆಸರಿನ ಚೀಟಿ ಕಟ್ಟಿಸಿಕೊಂಡು ಒರಗಿದ್ದವು. ಯಾರ ಕೊಡೆ ಯಾರಿಗೆ ಕೊಡಬೇಕೆಂದು ಅವನ ಹೆಂಡತಿ ಚೀಟಿ ಓದಿ ಬೇರೆ ಮಾಡುತ್ತಿದ್ದಳು. ಇವಳನ್ನು ಕಂಡು ಬೈಯಲಿಲ್ಲ. ಕೂರಿ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೊಡೆಯಣ್ಣನ ಹೆಂಡತಿಗೆ ಒಂದೇ ಪ್ರಶ್ನೆಯಿತ್ತು.

"ಪೇಪರಿನವನು ಹೇಳ್ದ, ಅವರು ಮಾತಾಡ್ತಾ ಇದ್ರಂತೆ. ನೀರು ಕೇಳಿದ್ರಂತೆ. ರಕ್ತ ತುಂಬ ಹೋಗಿಬಿಟ್ಟಿದೆ, ಸ್ವಲ್ಪ ಬೇಗ ತಂದಿದ್ರೆ ನೋಡಬಹುದಿತ್ತು ಅಂದ್ರು ಡಾಕ್ಟ್ರು. ಆಂಬುಲೆನ್ಸಿಗೆ ಹೇಳೋದು ಯಾಕೆ ಅಷ್ಟು ತಡವಾಯ್ತು ಅತ್ತಿಗೆ? ನಿಮ್ಮ ಯಜಮಾನರು ಏನಾದ್ರೂ ಹೇಳಿದ್ರಾ?"

ತಾಯಿ ಹೇಗೆ ಎದ್ದು ಬಂದಳೋ ಅವಳಿಗೇ ನೆನಪಿಲ್ಲ. ಬೀದಿಯಲ್ಲಿ ನಿಂತು ಫೋನು ತೆಗೆದು ನೋಡಿದಳು. ಮಗ ಕರೆ ಮಾಡಿದ್ದು ಆರು ನಲವತ್ತಮೂರಕ್ಕೆ. ಪೇಪರಿನವನು ಆಂಬುಲೆನ್ಸಿಗೆ ಹೇಳಿದ್ದು ಆರು ಐವತ್ತನಾಲ್ಕಕ್ಕೆ, ಅವನು ಅದನ್ನು ಪೊಲೀಸರಿಗೆ ಹೇಳಿದ್ದು ಬೀದಿಗೆಲ್ಲ ಗೊತ್ತಿತ್ತು. ನಡುವೆ ಹನ್ನೊಂದು ನಿಮಿಷ. ಯಾರು ಓಡಿಸಿದರು ಎಂದು ಹೇಳಬೇಕು ಎಂಬುದನ್ನು ತೀರ್ಮಾನಿಸಲು ಅವರ ಮನೆ ತೆಗೆದುಕೊಂಡ ಹನ್ನೊಂದು ನಿಮಿಷ. ಕೊಡೆಯಣ್ಣ ಆಗ ನೀರು ಕೇಳುತ್ತಿದ್ದ.

ಅವಳು ತನ್ನ ಮನೆಯ ಬಾಗಿಲು ದಾಟಿ ಮೇಲಿನ ಮನೆಯ ಮೆಟ್ಟಿಲು ಹತ್ತಿದಳು.

"ಅಕ್ಕ, ಆವತ್ತು ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ನಮ್ಮನ್ನ ನಿಮ್ಮ ಕಚೇರಿಗೆ ಕರ್ಕೊಂಡು ಹೋಗಿ. ಮೂವರನ್ನೂ."

ಟೈಪಿಸ್ಟ್ ಅಕ್ಕ ಕನ್ನಡಕ ಹುಡುಕಿದಳು, ಚಪ್ಪಲಿ ಮೆಟ್ಟಿಕೊಂಡಳು.

ಉಚಿತ ನೆರವಿನ ಕಚೇರಿಯಲ್ಲಿ ಸಿಕ್ಕಿದ್ದು ಒಬ್ಬ ಚಿಕ್ಕ ವಯಸ್ಸಿನ ವಕೀಲೆ. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಪುಕ್ಕಟೆ ವಕೀಲರು ಎಂದರೆ ಕಾಟಾಚಾರಕ್ಕೆ ಕೂರುವವರು ಎಂದು ತಾಯಿ ಅಂದುಕೊಂಡಿದ್ದಳು. ಆ ಹುಡುಗಿ ಯಜಮಾನರ ಹೇಳಿಕೆಯ ನಾಲ್ಕು ಪುಟವನ್ನು ಎರಡು ಸಲ ಓದಿದಳು. ಮೂರನೆಯ ಪುಟದಲ್ಲಿ ಬೆರಳಿಟ್ಟು, ಅತಿ ವೇಗದಲ್ಲಿ ಬಂದೆ ಎಂದು ನೀವು ಒಪ್ಪಿಕೊಂಡಿದ್ದೀರಲ್ಲ, ನಿಜವಾ ಎಂದು ಕೇಳಿದಳು. ಯಜಮಾನರು ತಬ್ಬಿಬ್ಬಾದರು. ನಾನು ಹಾಗೆ ಹೇಳೇ ಇಲ್ಲ ಎಂದರು. ಸಹಿ ನಿಮ್ಮದೇ ಅಲ್ಲವಾ ಎಂದಳು ವಕೀಲೆ.

ಆಮೇಲೆ ಅವಳು ಮಗನ ಕಡೆ ತಿರುಗಿದಳು.

"ನೋಡಿ, ನಿಮ್ಮ ವಿರುದ್ಧ ನೀವೇ ಮಾತಾಡ್ಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಸುಮ್ಮನಿರೋದು ನಿಮ್ಮ ಹಕ್ಕು. ಸುಳ್ಳು ಹೇಳೋದು ಹಕ್ಕಲ್ಲ. ನೀವು ಒಪ್ಪಿಕೊಂಡ್ರೆ ಜೈಲಾಗಬಹುದು, ಆಗಲ್ಲ ಅಂತ ನಾನು ಮಾತು ಕೊಡಲ್ಲ. ಯೋಚನೆ ಮಾಡಿ ಹೇಳಿ."

ತಾಯಿ ಒಂದೇ ಮಾತು ಕೇಳಿದಳು. ಹಾಗಾದರೆ ನೀವು ಇವನಿಗೆ ಏನು ಮಾಡುತ್ತೀರಿ?

ವಕೀಲೆ ಮೂಗು ಒರೆಸಿಕೊಂಡು ಹೇಳಿದಳು. ಇವನು ಮಾಡಿದ್ದಕ್ಕೆ ಉತ್ತರ ಕೊಡುವವನು ಇವನೇ. ಆದರೆ ಮಾಡದೇ ಇದ್ದದ್ದನ್ನು ಇವನ ಮೇಲೆ ಹೇರದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಆರೋಪ, ಅದಕ್ಕೆ ಏನು ಸಾಕ್ಷಿ, ಕಾಗದ ಕ್ರಮವಾಗಿದೆಯಾ, ಜಾಮೀನು ಸಿಗುತ್ತದೆಯಾ, ಇದೆಲ್ಲ ನೋಡುತ್ತೇನೆ. ಆರೋಪ ಏನೆಂದು ಇವನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿಸುತ್ತೇನೆ. ಪಕ್ಕದಲ್ಲಿ ನಿಲ್ಲುತ್ತೇನೆ.

ಮಗ ತಾಯಿಯ ಮುಖ ನೋಡಿದ. ಹೇಳು ಎಂದು ಅವಳು ತಲೆಯಾಡಿಸಲಿಲ್ಲ. ಅಷ್ಟು ಶಕ್ತಿ ಅವಳಲ್ಲಿರಲಿಲ್ಲ. ಈ ಸಲ ಅಡ್ಡ ಮಾತ್ರ ಬರಲಿಲ್ಲ.

"ನಾನೇ ಓಡಿಸಿದ್ದು. ಹಿಂದಿನ ದಿನ ಕುಡಿದಿದ್ದೆ," ಎಂದ ಮಗ. "ಇಳಿದಿದೆ ಅಂದುಕೊಂಡಿದ್ದೆ."

ಅದೇ ಮಾತನ್ನು ಅವನು ವಕೀಲೆಯ ಜೊತೆ ಠಾಣೆಗೆ ಹೋಗಿ ಹೇಳಿದ. ಕೇಸು ಒಂದೂವರೆ ವರ್ಷ ನಡೆಯಿತು. ಅಪಘಾತದ ಹೊತ್ತಿನಲ್ಲಿ ಮಗನ ರಕ್ತವನ್ನು ಯಾರೂ ಪರೀಕ್ಷೆಗೆ ತೆಗೆದಿರಲಿಲ್ಲ, ಹಾಗಾಗಿ ಕುಡಿದ ಆರೋಪ ಸಾಬೀತು ಮಾಡುವುದು ಪೊಲೀಸರಿಗೆ ಸುಲಭವಿರಲಿಲ್ಲ. ಆ ಗೆಳೆಯರ ಕೂಟದವರನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ವಿಮೆಯ ಕಂಪನಿಯವರು ಕೈಯೆತ್ತಿದರು, ಕೊಡೆಯಣ್ಣನ ಹೆಂಡತಿಗೆ ಪರಿಹಾರ ಸಿಗಲು ಇನ್ನೊಂದು ಕೇಸೇ ಬೇಕಾಯಿತು. ವಕೀಲೆ ಔಷಧಿ ಅಂಗಡಿಯ ಕ್ಯಾಮೆರಾದ ಚಿತ್ರ ಹಾಕಿ ತೋರಿಸಿ, ವ್ಯಾನು ನಿಧಾನಕ್ಕೆ ಬರುತ್ತಿತ್ತು ಎಂದು ರುಜುವಾತು ಮಾಡಿದಳು. ಅಪ್ಪ ಓದದೆ ಹಾಕಿದ ಆ ಸಹಿಯ ಭಾರ ಮಗನ ತಲೆಯಿಂದ ಇಳಿಯಿತು. ತಾನಾಗಿ ಬಂದು ನಿಜ ಹೇಳಿದ್ದನ್ನು ನ್ಯಾಯಾಧೀಶರು ಗಮನಕ್ಕೆ ತೆಗೆದುಕೊಂಡರು. ಶಿಕ್ಷೆ ಕಡಿಮೆಯಾಯಿತು, ತಪ್ಪಲಿಲ್ಲ. ಮಗ ಜೈಲಿಗೆ ಹೋದ. ಲೈಸೆನ್ಸ್ ಹೋಯಿತು. ಸುಳ್ಳು ಹೇಳಿದ್ದಕ್ಕೆ ಯಜಮಾನರ ಮೇಲೆ ಬೇರೆ ಕೇಸು ನಡೆಯಿತು, ಅವರಿಗೂ ದಂಡನೆಯಾಯಿತು. ಹೋಗಿ ಹೇಳಿ ಎಂದು ಕಳಿಸಿದ್ದು ನಾನು ಎಂದು ತಾಯಿ ಕಟಕಟೆಯಲ್ಲಿ ನಿಂತು ಹೇಳಿದಳು.

ಅದಕ್ಕೂ ಮುಂಚೆ ಅವಳು ಕೊಡೆಯಣ್ಣನ ಹೆಂಡತಿಗೆ ಉತ್ತರ ಹೇಳಿ ಬಂದಿದ್ದಳು. ಹನ್ನೊಂದು ನಿಮಿಷ ಏನಾಯಿತು ಎಂದು ಒಂದೂ ಬಿಡದೆ ಹೇಳಿದಳು. ಆಕೆ ಪೂರ್ತಿ ಕೇಳಿಸಿಕೊಂಡು ಎದ್ದು ಬಾಗಿಲು ತೆರೆದು ಹಿಡಿದಳು. ಅವತ್ತಿನಿಂದ ಇವತ್ತಿನವರೆಗೆ ಇಬ್ಬರೂ ಮಾತಾಡಿಲ್ಲ.

ಈ ಕಥೆ ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯಲ್ಲೂ ಗಾಡಿ ಇರಬಹುದು, ಓಡಿಸುವ ಮಕ್ಕಳಿರಬಹುದು. ಇವತ್ತೇ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿ. ಕುಡಿದ ದಿನ ಗಾಡಿ ಮುಟ್ಟಬೇಡಿ, ಮಾರನೆಯ ಬೆಳಿಗ್ಗೆಯೂ ಮುಟ್ಟಬೇಡಿ. ಸ್ನಾನಕ್ಕೂ ಕಾಫಿಗೂ ಅದು ಇಳಿಯುವುದಿಲ್ಲ, ಇಳಿಯುವುದು ಹೊತ್ತು ಕಳೆದ ಮೇಲೆ ಮಾತ್ರ. ಆಗಬಾರದ್ದು ಆಗಿಯೇ ಹೋದರೆ ಅಲ್ಲಿಂದ ಹೋಗಬೇಡಿ. ಒಬ್ಬರ ತಪ್ಪನ್ನು ಇನ್ನೊಬ್ಬರು ಹೊತ್ತುಕೊಳ್ಳಬೇಡಿ, ಅದು ಪ್ರೀತಿಯಂತೆ ಕಾಣುತ್ತದೆ, ಪ್ರೀತಿಯಲ್ಲ. ಓದದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಓದಿ ಹೇಳಿ ಎಂದು ಕೇಳಿ. ನನ್ನ ಮೇಲಿನ ಆರೋಪ ಏನು ಎಂದು ಕೇಳಿ, ವಕೀಲರು ಬೇಕು ಎಂದು ಕೇಳಿ. ಕೈಯಲ್ಲಿ ಹಣವಿಲ್ಲದವರಿಗೂ ವಕೀಲರು ಸಿಗುತ್ತಾರೆ, ಕೋರ್ಟಿನಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಎಲ್ಲಿದೆ ಎಂದು ವಿಚಾರಿಸಿ. ಅವರ ಮುಂದೆ ಏನನ್ನೂ ಮುಚ್ಚಿಡಬೇಡಿ. ನಿಜ ಗೊತ್ತಿಲ್ಲದ ವಕೀಲರು ನಿಮ್ಮನ್ನು ಕಾಪಾಡಲಾರರು.

ಇದೆಲ್ಲ ನೆನಪಿನಲ್ಲಿ ಉಳಿಯದಿದ್ದರೆ ಒಂದನ್ನಾದರೂ ಮಕ್ಕಳಿಗೆ ಕಲಿಸಿ. ರಸ್ತೆಯಲ್ಲಿ ಒಬ್ಬರು ಬಿದ್ದಿದ್ದಾರೆ, ಕೈಯಲ್ಲಿ ಫೋನಿದೆ. ಮೊದಲ ಕರೆ ಆಂಬುಲೆನ್ಸಿಗೆ. ಅಮ್ಮನಿಗೆ ಕೊನೆಯಲ್ಲಿ ಮಾಡಿದರೂ ಸಾಕು.